ಇಂದಿನ ಧಮ್ಮ ಚಿಂತನೆ: ಬಾಗಿಲು ಕಾಯುವವನ ಕೈಯಲ್ಲಿ ಏನಿದೆ?

ಕಳೆದ ರವಿವಾರ ಹುಕ್ಕೇರಿಯಲ್ಲಿ ಸೇರಿದ್ದಾಗ ಎದ್ದ ಪ್ರಶ್ನೆ ನಿಮಗೆ ನೆನಪಿರಬಹುದು. ಕಟ್ಟಬೇಕೆಂದಿರುವ ವಿಹಾರದ ಬಾಗಿಲು ಹೇಗಿರಬೇಕು ಎಂಬ ಮಾತು ನಡೆದಿತ್ತು. ಒಬ್ಬ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಜಾವಾ ದ್ವೀಪದ ಚಂಡಿ ಸೇವು ಎಂಬ ಎಂಟನೆಯ ಶತಮಾನದ ಬೌದ್ಧ ಮಂದಿರದ ಬಾಗಿಲಲ್ಲಿರುವ ದೈತ್ಯ ಕಾವಲುಗಾರ. ಮೊಣಕಾಲೂರಿ ಕುಳಿತಿದ್ದಾನೆ, ಕಣ್ಣು ಗುಡ್ಡೆ ಹೊರಗೆ ಬಂದಿವೆ, ಕೈಯಲ್ಲಿ ದಪ್ಪ ಗದೆ. "ಇಂಥಾವ ಎರಡು ಮಾಡಸೋಣ, ದೂರಿಂದ ನೋಡಿದವರಿಗೂ ವಿಹಾರ ಅಂತ ಗೊತ್ತಾಗಬೇಕು" ಎಂದ. ಹುಡುಗರೆಲ್ಲ ಹೌದು ಹೌದು ಎಂದರು.

ಆಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಆಯಿ ಚಿತ್ರವನ್ನು ಇಸಿದುಕೊಂಡು ನೋಡಿ ಹೇಳಿದರು: "ತಮ್ಮಾ, ಇಂಥಾ ಗದಾ ಹಿಡದವರ ಮುಂದ ನಿಂತು ನಿಂತು ನಮ್ಮ ಕಾಲು ಸೋತಾವು. ಈಗ ನಮ್ಮ ಬಾಗಲಿಗೇ ಅವರನ್ನ ತಂದು ನಿಲ್ಲಸ್ತೀರಿ?"

"ಆಯಿ, ಇವು ಬುದ್ಧನ ಬಾಗಲಾ ಕಾಯೋ ಮೂರ್ತಿ. ನಮ್ಮವ ಅದಾವು."

"ನಮ್ಮವ ಆಗಿದ್ರ ಕೈಯಾಗ ಬಡಗಿ ಯಾಕೋ ತಮ್ಮಾ?"

ಯಾರಿಗೂ ಉತ್ತರ ಬರಲಿಲ್ಲ. "ನೀವು ಕನ್ನಡ ಅಕ್ಕೋರು, ಓದಿ ಬರೀರಿ" ಎಂದು ನನಗೆ ಒಪ್ಪಿಸಿದರು. ಆಯಿಯ ಪ್ರಶ್ನೆಯನ್ನೇ ಹಿಡಿದುಕೊಂಡು ಇಂದಿನ ಚಿಂತನೆ ಬರೆಯುತ್ತಿದ್ದೇನೆ.

*ಮೊದಲು ಕೈ ಮುಗಿದಿದ್ದರು*

ದ್ವಾರಪಾಲ ಎಂದರೆ ಬಾಗಿಲು ಕಾಯುವವನು. ನಮ್ಮ ದೇಶದಲ್ಲಿ ಉಳಿದಿರುವ ಬಹಳ ಹಳೆಯ ಬಾಗಿಲ ಕಾವಲು ಶಿಲ್ಪಗಳಲ್ಲಿ ಕೆಲವು ಬೌದ್ಧ ಸ್ತೂಪಗಳವು. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಅವಶೇಷಗಳನ್ನು 1873ರಲ್ಲಿ ಕನ್ನಿಂಗ್‌ಹ್ಯಾಮ್ ಗುರುತಿಸಿದರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಸುಮಾರಿನ ಆ ಕಲ್ಲುಗಳು ಈಗ ಹೆಚ್ಚಾಗಿ ಕೋಲ್ಕತ್ತದ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಸ್ತೂಪದ ಸುತ್ತಿನ ಕಲ್ಲು ಕಟಾಂಜನದ ಕಂಬಗಳ ಮೇಲೆ ಯಕ್ಷರು ನಿಂತಿದ್ದಾರೆ. ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಹೆಸರುಗಳಿವೆ. ‘ಕುಪಿರೋ ಯಖೋ’ ಎಂದರೆ ಕುಬೇರ ಯಕ್ಷ, ‘ವಿರುಡಕೋ ಯಖೋ’ ಎಂದರೆ ವಿರೂಢಕ ಯಕ್ಷ. ಪಾಲಿ ಗ್ರಂಥಗಳ ಪ್ರಕಾರ ಒಬ್ಬ ಉತ್ತರ ದಿಕ್ಕನ್ನು, ಇನ್ನೊಬ್ಬ ದಕ್ಷಿಣ ದಿಕ್ಕನ್ನು ಕಾಯುವವರು.

ಕುಬೇರನ ಕೈಯಲ್ಲಿ ಗದೆ ಇಲ್ಲ. ಎರಡೂ ಕೈ ಜೋಡಿಸಿ ಎದೆಯ ಹತ್ತಿರ ಮುಗಿದುಕೊಂಡು ನಿಂತಿದ್ದಾನೆ. ಬಂದವರನ್ನು ತಡೆಯುವ ಭಂಗಿ ಅದಲ್ಲ.

ಸಾಂಚಿಗೆ ಹೋದವರು ನಾಲ್ಕು ತೋರಣಗಳನ್ನು ನೋಡಿರುತ್ತೀರಿ. ಹೋಗದವರು ಮುಂಬಯಿಯ ಚೈತ್ಯಭೂಮಿಯಲ್ಲಿ ಅದೇ ಮಾದರಿಯ ತೋರಣ ನೋಡಿದ್ದೀರಿ. ಸಾಂಚಿಯ ದಕ್ಷಿಣ ತೋರಣದಲ್ಲಿ ಶಾತವಾಹನ ರಾಜ ಸಾತಕರ್ಣಿಯ ಕುಶಲಕರ್ಮಿಗಳ ಮುಖ್ಯಸ್ಥ ಆನಂದನ ಹೆಸರಿದೆ, ವಿದಿಶೆಯ ದಂತ ಕೆತ್ತುವವರು ಕೆಲಸ ಮಾಡಿದ ದಾಖಲೆಯೂ ಇದೆ. ಕೂಲಿ ಮಾಡಿದವರ ಹೆಸರು ಬಾಗಿಲ ಮೇಲೆ! ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ತೋರಣಗಳಿಗೆ ಕದಗಳೇ ಇಲ್ಲ. ಮುಚ್ಚಲು ಬಾರದ ಬಾಗಿಲುಗಳು ಅವು.

*ಆಮೇಲೆ ಗದೆ ಬಂತು*

ದೇವರನ್ನು ರಾಜನಂತೆ, ಗುಡಿಯನ್ನು ಅರಮನೆಯಂತೆ ಕಲ್ಪಿಸಿದ ಮೇಲೆ ಬಾಗಿಲಿಗೆ ಅರಮನೆಯ ಪಹರೆಯವರೂ ಬಂದರು. ಬಾದಾಮಿಯ ಮೊದಲನೆಯ ಗುಹೆಯ ಎಡಗಡೆಗೆ ತ್ರಿಶೂಲ ಹಿಡಿದ ಆಳೆತ್ತರದ ದ್ವಾರಪಾಲನಿದ್ದಾನೆ. ಅವನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿರುವ ಶಿಲ್ಪವನ್ನು ಗೈಡುಗಳು ತಪ್ಪದೆ ತೋರಿಸುತ್ತಾರೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗದೆಗೆ ಒರಗಿ ನಿಂತವರಿದ್ದಾರೆ.

ಬೌದ್ಧ ದೇಶಗಳಲ್ಲೂ ಕಾವಲುಗಾರರು ಬೆಳೆಯುತ್ತಾ ಹೋದರು. ಹಿಂದೂ, ಬೌದ್ಧ ಪಂಥಗಳೆರಡೂ ಬೆರೆತಿದ್ದ ಜಾವಾದ ಸಿಂಗಸಾರಿಯಲ್ಲಿ ಹದಿಮೂರನೆಯ ಶತಮಾನದ, ಸುಮಾರು 3.7 ಮೀಟರ್ ಎತ್ತರದ ಏಕಶಿಲೆಯ ದ್ವಾರಪಾಲರಿದ್ದಾರೆ. ಜಪಾನಿನ ನಾರಾ ನಗರದ ತೋದೈಜಿ ವಿಹಾರದ ದಕ್ಷಿಣ ಮಹಾದ್ವಾರದಲ್ಲಿ 1203ರಲ್ಲಿ ಉನ್‌ಕೇಯಿ, ಕಾಯಿಕೇಯಿ ಮುಂತಾದ ಶಿಲ್ಪಿಗಳು ಕಟ್ಟಿಗೆಯಲ್ಲಿ ಮಾಡಿದ ಇಬ್ಬರು ಕಾವಲುಗಾರರು 8 ಮೀಟರಿಗಿಂತ ಎತ್ತರ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ.

ಕಲೆಯಾಗಿ ನೋಡಿದರೆ ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಆಯಿ ಕೇಳಿದ್ದು ಕಲೆಯ ಪ್ರಶ್ನೆಯಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಆ ದ್ವಾರಪಾಲನ ಮುಂದೆ ನಿಂತು ಏಳನೆಯ ತರಗತಿಯ ಒಬ್ಬ ಹುಡುಗ ಕೇಳಿದ: "ಅಕ್ಕೋರ್ರಿ, ಇಂವ ಒಳಗಿನ ದೇವರನ್ನ ಯಾವಾಗರೆ ನೋಡ್ಯಾನೇನ್ರಿ? ಹೊರಗ ಮಾರಿ ಮಾಡಿ ನಿಂತಾನಲ್ರಿ."

ನಾನು ನಕ್ಕು ಮುಂದೆ ಹೋದೆ. ರಾತ್ರಿ ಬಸ್ಸಿನಲ್ಲಿ ಬರುವಾಗ ನಿದ್ದೆ ಬರಲಿಲ್ಲ. ನಮ್ಮ ಮುತ್ತಜ್ಜ ನೆನಪಾದ.

*ಅಗಸಿಯ ಹೊರಗಿನ ಕಾವಲುಗಾರ*

ನಾನು ಮುತ್ತಜ್ಜನನ್ನು ನೋಡಿಲ್ಲ, ಅಜ್ಜಿ ಹೇಳಿದ್ದನ್ನು ಕೇಳಿದ್ದೇನೆ. ಆತ ಕೈಯಲ್ಲಿ ಬಡಿಗೆ ಹಿಡಿದು ರಾತ್ರಿಯೆಲ್ಲ ಊರ ಅಗಸಿ ಕಾಯುತ್ತಿದ್ದ. ಕಳ್ಳರು ಬಂದರೆ ಮೊದಲ ಏಟು ಆತನಿಗೆ. ಬೆಳಗಾದ ಮೇಲೆ ಮನೆಮನೆಗೆ ಹೋಗಿ ಹೊರಗೆ ನಿಂತು ರೊಟ್ಟಿ ಬೇಡಬೇಕು. ಅಗಸಿಯೊಳಗೆ ಆತನಿಗೆ ಮನೆಯಿಲ್ಲ, ಬಾವಿಯಲ್ಲಿ ನೀರಿಲ್ಲ. ಕಾಯುವುದು ಊರನ್ನು, ಇರುವುದು ಊರ ಹೊರಗೆ.

ಹುಡುಗ ಕೇಳಿದ್ದು ಅದನ್ನೇ ಅಲ್ಲವೆ? ದ್ವಾರಪಾಲ ಬಾಗಿಲ ಹತ್ತಿರವೇ ಇರುತ್ತಾನೆ, ಆದರೆ ಒಳಗಿನದು ಅವನ ಬೆನ್ನ ಹಿಂದೆ.

ಬಾಬಾಸಾಹೇಬರು ಇದನ್ನು ಇತಿಹಾಸದ ಪ್ರಶ್ನೆಯಾಗಿ ಎತ್ತಿಕೊಂಡರು. ಅಸ್ಪೃಶ್ಯರು ಯಾರು ಎಂಬುದರ ಬಗ್ಗೆ 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರ ವಾದ ಹೀಗಿದೆ: ಹಳೆಯ ಕಾಲದ ಕುಲಗಳ ಕಾದಾಟದಲ್ಲಿ ಸೋತು ಚದುರಿಹೋದ ಜನರಿಗೆ ನೆಲೆ ಬೇಕಿತ್ತು, ನೆಲೆನಿಂತ ಊರುಗಳಿಗೆ ದಾಳಿಕೋರರಿಂದ ರಕ್ಷಣೆ ಬೇಕಿತ್ತು. ಹಾಗಾಗಿ ಚದುರಿದ ಜನ ಊರ ಹೊರಗೆ ಉಳಿದು ಕಾವಲು ಕಾದರು. ಆಗ ಅವರು ಅಸ್ಪೃಶ್ಯರಾಗಿರಲಿಲ್ಲ. ಅವರು ಬೌದ್ಧರಾಗಿದ್ದರು, ಬ್ರಾಹ್ಮಣ ಧರ್ಮಕ್ಕೆ ಮರಳಲಿಲ್ಲ. ಆ ದ್ವೇಷದಿಂದ ಮತ್ತು ದನದ ಮಾಂಸದ ಕಾರಣದಿಂದ ಮುಂದೆ ಮುಟ್ಟಬಾರದವರಾದರು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ನಂದನಾರ್, ರವಿದಾಸ್, ಚೋಖಾಮೇಳ ಈ ಮೂವರ ನೆನಪಿಗೆ.

ಚೋಖಾಮೇಳ ನಮ್ಮ ಭಾಗದವರಿಗೆ ಹೊಸ ಹೆಸರಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಪಂಢರಪುರಕ್ಕೆ ನಡೆದು ಹೋದವರು. ಹದಿನಾಲ್ಕನೆಯ ಶತಮಾನದ ಆ ಮಹಾರ ಸಂತನಿಗೆ ವಿಠ್ಠಲನ ಗುಡಿಯ ಒಳಗೆ ಪ್ರವೇಶ ಸಿಗಲಿಲ್ಲ. ಸತ್ತ ಮೇಲೆ ಸಮಾಧಿಯೂ ಮಹಾದ್ವಾರದ ಹೊರಗೇ ಆಯಿತು. ಜೀವನವೆಲ್ಲ ಬಾಗಿಲಲ್ಲಿ ನಿಂತ ಭಕ್ತ, ಸತ್ತ ಮೇಲೂ ಬಾಗಿಲಲ್ಲೇ! ಆ ಗುಡಿಯನ್ನು ದಲಿತರಿಗೆ ತೆರೆಯಬೇಕೆಂದು 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ಚೋಖಾಮೇಳ ತೀರಿಕೊಂಡು ಆರುನೂರು ವರ್ಷ ದಾಟಿತ್ತು.

ನಮ್ಮ ನಿಪ್ಪಾಣಿಗೆ 1925ರಲ್ಲೇ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದ ಬಾಬಾಸಾಹೇಬರು, 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿ ಮಂಡಿಸಿದರು. ಹಗಲು ರಾತ್ರಿ ಸರಕಾರದ ಮತ್ತು ಊರಿನ ಚಾಕರಿ, ಅದಕ್ಕೆ ಪ್ರತಿಯಾಗಿ ಒಂದು ತುಂಡು ಹೊಲ ಮತ್ತು ಬೇಡಿದ ಕಾಳು. ಈ ವತನ ನಮ್ಮ ಜನರ ಕಾಲಿಗೆ ಕಟ್ಟಿದ ಕಲ್ಲು ಎಂಬುದನ್ನು ಅವರು ಕಂಡಿದ್ದರು. ಬೇರೆಯವರ ಬಾಗಿಲು ಕಾಯುವ ಕೆಲಸದಿಂದ ನಮ್ಮನ್ನು ಬಿಡಿಸುವುದೂ ವಿಮೋಚನೆಯೇ ಆಗಿತ್ತು.

*ನಾಲ್ಕನೆಯ ಸಲ*

ಬುದ್ಧ ಗುರುವನ್ನೂ ಒಬ್ಬ ಬಾಗಿಲಲ್ಲಿ ಸತಾಯಿಸಿದ್ದ. ಸುತ್ತನಿಪಾತದಲ್ಲಿ ಆಳವಕ ಯಕ್ಷನ ಪ್ರಸಂಗ ಬರುತ್ತದೆ. ಯಕ್ಷ ಎಂದರೆ ದೆವ್ವ ಎಂದು ನಾವು ನಂಬಬೇಕಿಲ್ಲ. ಸಿಟ್ಟು, ಅಧಿಕಾರದ ಸೊಕ್ಕು ತುಂಬಿದ ಒಬ್ಬ ಮನುಷ್ಯ ಎಂದು ಓದಿಕೊಳ್ಳಿ. ಭಗವಾನರು ಅವನ ನೆಲೆಯಲ್ಲಿ ತಂಗಿದ್ದಾರೆ. ಅವನು ಬಂದು "ಶ್ರಮಣ, ಹೊರಗೆ ಹೋಗು" ಎನ್ನುತ್ತಾನೆ. ಭಗವಾನರು ಹೊರಗೆ ಬರುತ್ತಾರೆ. "ಒಳಗೆ ಬಾ" ಎನ್ನುತ್ತಾನೆ. ಒಳಗೆ ಹೋಗುತ್ತಾರೆ. ಹೀಗೆ ಮೂರು ಸಲ. ನಾಲ್ಕನೆಯ ಸಲ ಹೊರಗೆ ಹೋಗು ಎಂದಾಗ ಭಗವಾನರು ಹೇಳುತ್ತಾರೆ: ನಾನು ಹೋಗುವುದಿಲ್ಲ, ನೀನು ಮಾಡುವುದನ್ನು ಮಾಡು.

ಮೂರು ಸಲದ ತಾಳ್ಮೆ ದೌರ್ಬಲ್ಯವಲ್ಲ, ನಾಲ್ಕನೆಯ ಸಲದ ನಿರಾಕರಣೆ ಸಿಟ್ಟಲ್ಲ. ಅದಾದ ಮೇಲೆ ಆಳವಕ ಪ್ರಶ್ನೆ ಕೇಳುತ್ತಾನೆ. ಮನುಷ್ಯನಿಗೆ ಯಾವ ಸಂಪತ್ತು ಮೇಲು, ಯಾವ ರುಚಿ ಸವಿ, ಯಾವ ಬಾಳು ಹಿರಿದು ಎಂದು. ಶ್ರದ್ಧೆ, ಸತ್ಯ, ಪ್ರಜ್ಞೆಯಿಂದ ಬಾಳುವ ಬಾಳು ಎಂಬ ಉತ್ತರ ಕೇಳಿ ಅವನು ಶರಣಾಗುತ್ತಾನೆ. ಇನ್ನು ಮೇಲೆ ಊರೂರು ತಿರುಗಿ ಧಮ್ಮವನ್ನು ಗೌರವಿಸುತ್ತೇನೆ ಎನ್ನುತ್ತಾನೆ. ಬಾಗಿಲಲ್ಲಿ ಬೆದರಿಸುತ್ತಿದ್ದವನು ಧಮ್ಮದ ಬಳಗದವನಾದ. ಭಾರ್ಹುತಿನ ಯಕ್ಷ ಕೈ ಮುಗಿದು ನಿಂತಿರುವುದನ್ನು ಈ ಕಥೆಯ ಜೊತೆ ಇಟ್ಟು ನೋಡಿದರೆ ಅರ್ಥ ತಿಳಿಯುತ್ತದೆ.

ಬಾಬಾಸಾಹೇಬರ ಜೀವನದಲ್ಲೂ ಇಂಥ ಬಾಗಿಲು ಬಂತು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಗುಡಿಯ ಸತ್ಯಾಗ್ರಹ ಶುರುವಾಯಿತು. ಸಾವಿರಾರು ಜನ ಬಂದರು, ಬಾಗಿಲು ಮುಚ್ಚಿದರು. ಸತ್ಯಾಗ್ರಹಿಗಳು ಬಾಗಿಲುಗಳಲ್ಲೇ ಕುಳಿತರು. ಹೋರಾಟ ವರ್ಷಗಟ್ಟಲೆ ನಡೆಯಿತು. ನಮ್ಮ ಜನ ಮೂರ್ತಿಪೂಜಕರಾಗಲಿ ಎಂದು ಇದನ್ನು ಶುರುಮಾಡಲಿಲ್ಲ, ತಮ್ಮ ಸ್ಥಿತಿಯ ಅರಿವು ಅವರಲ್ಲಿ ಮೂಡಲಿ ಎಂದು ಮಾಡಿದೆ ಎಂಬುದನ್ನು ಅವರೇ ಮುಂದೆ ಸ್ಪಷ್ಟಪಡಿಸಿದರು. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮದೊಳಗೆ ಕಾಲಿಟ್ಟರು. ಅಲ್ಲಿ ಬಾಗಿಲು ತೆರೆಯಿರಿ ಎಂದು ಯಾರನ್ನೂ ಬೇಡಬೇಕಿರಲಿಲ್ಲ.

*ಕೊಡ ಹಿಡಿದ ನಾಗರಾಜ*

ಈಗ ಆಯಿಯ ಪ್ರಶ್ನೆಗೆ ಬರೋಣ. ನಮ್ಮವನಾದರೆ ಕೈಯಲ್ಲಿ ಏನಿರಬೇಕು?

ಶ್ರೀಲಂಕೆಯ ಅನುರಾಧಪುರದಲ್ಲಿ ಹಳೆಯ ವಿಹಾರಗಳ ಮೆಟ್ಟಿಲುಗಳ ಎರಡೂ ಕಡೆಗೆ ಕಾವಲು ಕಲ್ಲುಗಳಿವೆ. ಅಲ್ಲಿಯ ಭಾಷೆಯಲ್ಲಿ ಮುರಗಲ್ ಎನ್ನುತ್ತಾರೆ. ರತ್ನಪ್ರಾಸಾದ ಎಂಬ ಕಟ್ಟಡದ ಮುರಗಲ್ ತುಂಬ ಹೆಸರಾದದ್ದು. ಅದರಲ್ಲಿ ತಲೆಯ ಹಿಂದೆ ಹಲವು ಹೆಡೆ ಎತ್ತಿದ ನಾಗರಾಜ ನಿಂತಿದ್ದಾನೆ. ಒಂದು ಕೈಯಲ್ಲಿ ತುಂಬಿದ ಕೊಡ, ಇನ್ನೊಂದು ಕೈಯಲ್ಲಿ ಚಿಗುರೊಡೆದ ಬಳ್ಳಿ.

ಗದೆಯ ಜಾಗದಲ್ಲಿ ಕೊಡ! ಹೂಬಿಟ್ಟ, ಚಿಗುರಿದ ಕೊಡ ಸಮೃದ್ಧಿಯ ಗುರುತು ಎಂದು ಶಿಲ್ಪಶಾಸ್ತ್ರ ಓದಿದವರು ಹೇಳುತ್ತಾರೆ. ಆದರೆ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡವರ ಮಕ್ಕಳಾದ ನಮಗೆ ಬಾಗಿಲಲ್ಲಿ ಕೊಡ ಹಿಡಿದು ನಿಂತವನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನು ನಾಗ ಎಂಬುದನ್ನೂ ಮರೆಯಬೇಡಿ. ದೀಕ್ಷೆಗೆ ನಾಗಪುರವನ್ನು ಏಕೆ ಆರಿಸಿದೆ ಎಂದು ಹೇಳುವಾಗ ಬಾಬಾಸಾಹೇಬರು ಬೌದ್ಧ ಧಮ್ಮವನ್ನು ಹರಡಿದ ನಾಗ ಜನರನ್ನು ನೆನೆದರು.

*ಒಳಗಿನ ದ್ವಾರಪಾಲ*

ಕಲ್ಲಿನ ದ್ವಾರಪಾಲನಿಗಿಂತ ಮುಖ್ಯವಾದ ಇನ್ನೊಬ್ಬನ ಬಗ್ಗೆ ಭಗವಾನರು ಹೇಳಿದ್ದಾರೆ. ಸಂಯುತ್ತ ನಿಕಾಯದ ಕಿಂಸುಕ ಸುತ್ತದಲ್ಲಿ ಗಡಿಯ ಮೇಲಿನ ಒಂದು ಕೋಟೆ ಊರಿನ ಹೋಲಿಕೆ ಬರುತ್ತದೆ. ಅದಕ್ಕೆ ಆರು ಬಾಗಿಲು, ಜಾಣನಾದ ಒಬ್ಬ ದ್ವಾರಪಾಲ. ಊರು ಎಂದರೆ ಈ ಶರೀರ. ಆರು ಬಾಗಿಲು ಎಂದರೆ ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು. ದ್ವಾರಪಾಲ ಎಂದರೆ ಸತಿ, ಅಂದರೆ ಎಚ್ಚರದ ಅರಿವು. ಅಂಗುತ್ತರ ನಿಕಾಯದಲ್ಲೂ ಇದೇ ಹೋಲಿಕೆ ಇದೆ. ಒಳ್ಳೆಯ ದ್ವಾರಪಾಲ ಗುರುತಿನವರನ್ನು ಒಳಗೆ ಬಿಡುತ್ತಾನೆ, ಗುರುತಿಲ್ಲದವರನ್ನು ತಡೆಯುತ್ತಾನೆ.

ಇಲ್ಲಿ ಗುರುತಿಲ್ಲದವರು ಎಂದರೆ ಬೇರೆ ಕೇರಿಯವರಲ್ಲ. ಲೋಭ, ದ್ವೇಷ, ಮೋಹ. ತಡೆಯಬೇಕಾದದ್ದು ಮನುಷ್ಯರನ್ನಲ್ಲ, ಮನುಷ್ಯರನ್ನು ತಡೆಯುವ ಆಲೋಚನೆಯನ್ನು.

ಒಂದು ತಪ್ಪೊಪ್ಪಿಗೆ ಬರೆಯಲೇಬೇಕು. ಹೋದ ವರ್ಷ ನಮ್ಮ ಮನೆಗೆ ಮೂಡಲಗಿ ಕಡೆಯ ಒಂದು ಕುಟುಂಬ ಬಂದಿತ್ತು. ಹೊಸದಾಗಿ ದೀಕ್ಷೆ ತೆಗೆದುಕೊಂಡವರು. "ಬರ್ರಿ, ಕೂಡ್ರಿ" ಎಂದೆ. ನೀರು ತರಲು ಒಳಗೆ ಹೋಗುವ ಮೊದಲು ನನ್ನ ಬಾಯಿಂದ ಒಂದು ಮಾತು ಬಂತು: "ನೀವು ಯಾವ ಓಣಿಯವರ್ರಿ?" ಕೇಳಿದ್ದು ಓಣಿ, ತಿಳಿಯಬೇಕಿದ್ದದ್ದು ಪಂಗಡ. ಅವರಿಗೂ ಅದು ಗೊತ್ತಾಯಿತು. ಆ ತಾಯಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಬೌದ್ಧರದೀವ್ರಿ" ಎಂದಳು.

ಇಪ್ಪತ್ತೆರಡು ಪ್ರತಿಜ್ಞೆ ಬಾಯಿಪಾಠ ಇದ್ದ ನನ್ನ ಬಾಗಿಲಲ್ಲಿ ಆ ದಿನ ಗದೆ ಹಿಡಿದವನೇ ನಿಂತಿದ್ದ. ಸತಿ ಎಚ್ಚರವಾಗಿದ್ದರೆ ಆ ಮಾತು ಮನಸ್ಸಿನ ಬಾಗಿಲಲ್ಲೇ ನಿಲ್ಲುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಎಲ್ಲ ಮನುಷ್ಯರೂ ಸಮಾನರು ಎಂದು ಒಪ್ಪಿಕೊಂಡವರು ನಾವು. ಆದರೂ ಮದುವೆಯ ಮಾತು ಬಂದಾಗ ಎಡ, ಬಲ ಎಂದು ಲೆಕ್ಕ ಹಾಕುತ್ತೇವೆ. ತಮ್ಮ ಮುಂದೆ ಮುಚ್ಚಿದ ಬಾಗಿಲನ್ನು ಬೈಯುತ್ತಾ ಇನ್ನೊಬ್ಬರಿಗೆ ಬಾಗಿಲು ಮುಚ್ಚುವವರು ಇನ್ನೂ ವತನದ ಚಾಕರಿಯನ್ನೇ ಮಾಡುತ್ತಿದ್ದಾರೆ. ಅವರು ಕಾಯುತ್ತಿರುವುದು ಜಾತಿಯ ಕೋಟೆಯನ್ನು. ಅದಕ್ಕೆ ಸಂಬಳವೂ ಇಲ್ಲ.

*ನಮ್ಮ ವಿಹಾರದ ಬಾಗಿಲು*

ಹಾಗಾದರೆ ಮೂರ್ತಿ ಮಾಡಿಸಬೇಕೋ ಬೇಡವೋ? ದ್ವಾರಪಾಲ ಶಿಲ್ಪ ನಿಲ್ಲಿಸಿದರೆ ಪ್ರತಿಜ್ಞೆ ಮುರಿಯುವುದಿಲ್ಲ, ಅದು ಪೂಜೆಗೆ ಇಡುವ ಮೂರ್ತಿಯಲ್ಲ. ಇತಿಹಾಸ ಕಲಿಸುವ ಶಿಲ್ಪವಾಗಿ ಇಡಬಹುದು. ಹುಡುಗರ ಉತ್ಸಾಹ ತಪ್ಪಲ್ಲ, ದೂರದ ಬೌದ್ಧ ದೇಶಗಳ ಕಲೆ ನಮ್ಮದೂ ಹೌದು. ಆದರೆ ಗದೆ ಎತ್ತಿದವನನ್ನು ನೋಡಿ ಎದೆ ನಡುಗಿದ ಒಬ್ಬ ಆಯಿ ನಮ್ಮ ನಡುವೆ ಇರುವವರೆಗೆ ಅವನು ನಮ್ಮ ಬಾಗಿಲಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ವಿಹಾರಕ್ಕೆ ಬರುವವರಲ್ಲಿ ಮೊದಲ ಗೌರವ ಬಾಗಿಲಲ್ಲಿ ಹೆಚ್ಚು ಹೊತ್ತು ನಿಂತವರಿಗೆ ಸಲ್ಲಬೇಕು.

ನನ್ನ ಸೂಚನೆ ಇಷ್ಟು. ಸಾಂಚಿಯಂತೆ ಕದವಿಲ್ಲದ ಒಂದು ಸಣ್ಣ ತೋರಣ ಇರಲಿ. ಕಟ್ಟಿದ ಗೌಂಡಿಗಳ, ಕಲ್ಲು ಹೊತ್ತ ತಾಯಂದಿರ ಹೆಸರು ಅದರ ಮೇಲೆ ಇರಲಿ. ಅದರ ಪಕ್ಕ ಒಂದು ಕಟ್ಟೆ ಕಟ್ಟಿ ಅದರ ಮೇಲೆ ನೀರು ತುಂಬಿದ ಹರವಿ ಇಡೋಣ. ಯಾರು ಬಂದರೂ, ಯಾವ ಓಣಿ ಎಂದು ಕೇಳದೆ, ತಾವೇ ಕೈಯಾರೆ ತೆಗೆದುಕೊಂಡು ಕುಡಿಯಲಿ. ದಿನಕ್ಕೊಂದು ಮನೆಯವರು ಅದನ್ನು ತೊಳೆದು ತುಂಬಲಿ. ನಮ್ಮ ದ್ವಾರಪಾಲ ಅದೇ. ಬರುವ ರವಿವಾರ ಗೋಕಾಕದಲ್ಲಿ ಸೇರಿದಾಗ ಎಲ್ಲರೂ, ಮುಖ್ಯವಾಗಿ ಹುಡುಗರು, ತಮ್ಮ ಅಭಿಪ್ರಾಯ ಹೇಳಲಿ. ಆಯಿಯನ್ನು ಕರೆತರುವ ಜವಾಬ್ದಾರಿ ಚಿತ್ರ ತೋರಿಸಿದ ತಮ್ಮನದು.

*ಇಂದಿನ ಅಭ್ಯಾಸ*

1. ಇಂದು ನಿಮ್ಮ ಮನೆಯ ಬಾಗಿಲಿಗೆ ಬಂದ ಪ್ರತಿಯೊಬ್ಬರಿಗೂ ಬೇರೆ ಯಾವ ಪ್ರಶ್ನೆಯನ್ನೂ ಕೇಳುವ ಮೊದಲು ನೀರು ಕೊಡಿ.

2. ಇಂದು ಒಂದು ಸಲವಾದರೂ ಸಿಟ್ಟಿನ ಅಥವಾ ತಾತ್ಸಾರದ ಮಾತು ನಾಲಿಗೆಗೆ ಬರುವ ಮೊದಲೇ ಅದನ್ನು ಗುರುತಿಸಿ. ತಡೆದಿರೋ ಇಲ್ಲವೋ ಆಮೇಲಿನ ಮಾತು, ಗುರುತಿಸಿದರೆ ದ್ವಾರಪಾಲ ಎಚ್ಚರವಾಗಿದ್ದಾನೆ ಎಂದರ್ಥ.

3. ಮನೆಯ ಹಿರಿಯರನ್ನು ಕೇಳಿ: ನೀವು ಯಾವ ಬಾಗಿಲಲ್ಲಿ ನಿಂತಿದ್ದಿರಿ? ಅವರು ಹೇಳಿದ್ದನ್ನು ಮಕ್ಕಳ ಕೈಯಿಂದ ಬರೆಸಿ ಇಡಿ.

ನಾನು ಮೂಡಲಗಿಯ ಆ ಕುಟುಂಬದ ಮನೆಗೆ ಇನ್ನೂ ಹೋಗಿಲ್ಲ. ಈ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗುತ್ತೇನೆ. ಅವರ ಬಾಗಿಲಲ್ಲಿ ನಿಂತು, ಅವರು ಬರ್ರಿ ಎಂದರೆ ಒಳಗೆ ಹೋಗಿ, ನೀರು ಕೇಳಿ ಕುಡಿಯುತ್ತೇನೆ.

ಎಲ್ಲರಿಗೂ ಮಂಗಲವಾಗಲಿ. ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.